ಮೈಕ್ ಚಲೋ ಇರುವ ಸಣ್ಣ ಕಂಪ್ಯೂಟರು

ಸವದತ್ತಿ
8 ಜುಲೈ 2024

ಚಿ. ಪ್ರಜ್ಞಾಳಿಗೆ,

ನಿನ್ನ ಅಪ್ಪ ಬರೆಯುತ್ತಿದ್ದೇನೆ. ಕವರಿನ ಮೇಲಿನ ಅಕ್ಷರ ನೋಡಿಯೇ ನಿನಗೆ ತಿಳಿದಿರಬೇಕು. ನಿನ್ನ ಪ್ರೆಸ್ಸಿನ ವಿಳಾಸವನ್ನು ಎರಡು ಸಲ ತಪ್ಪು ಬರೆದು ಮೂರನೇ ಸಲ ಸರಿ ಮಾಡಿದ್ದೇನೆ. ಇಲ್ಲಿ ಮಳೆ ಹಿಡಿದುಕೊಂಡಿದೆ. ನಿಮ್ಮವ್ವನ ಮೊಣಕಾಲು ಎಂದಿನಂತೆ ಮಳೆಯ ಜೊತೆ ಹಟಕ್ಕೆ ಬಿದ್ದಿದೆ. ಉಳಿದದ್ದೆಲ್ಲ ಚಲೋ ಇದೆ.

ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತವನು ಮೊದಲ ಪತ್ರದಲ್ಲೇ ಕೆಲಸ ಹಚ್ಚುತ್ತಾನಲ್ಲ ಎಂದು ಸಿಟ್ಟಾಗಬೇಡ. ಸಿಟ್ಟಾಗುವುದಿದ್ದರೆ ಕೆಲಸ ಮುಗಿಸಿ ಆಮೇಲೆ ಆಗು. ನನಗೊಂದು ಸಣ್ಣ ಕಂಪ್ಯೂಟರು ಬೇಕಾಗಿದೆ. ಮಡಚಿಡುವಂಥದ್ದು, ಅಂಗಡಿಯ ಟೇಬಲ್ಲಿನ ಮೇಲೆ ಮೀಟರಿನ ಪಕ್ಕದಲ್ಲಿ ಕೂರುವಷ್ಟು ಸಣ್ಣದು. ದಿನಬಳಕೆಗೆ. ಹದಿನೈದು ಸಾವಿರದೊಳಗೆ ಬಂದರೆ ಒಳ್ಳೆಯದು. ಹೊಸದೇ ಆಗಬೇಕೆಂದಿಲ್ಲ. ನಲವತ್ತು ವರ್ಷ ಜನರ ಹಳೆಯ ರೇಡಿಯೋ, ಮಿಕ್ಸರ್, ಫ್ಯಾನುಗಳ ಹೊಟ್ಟೆ ಬಿಚ್ಚಿ ಸಂಸಾರ ನಡೆಸಿದವನು ನಾನು, ಹಳೆಯ ಸಾಮಾನೆಂದರೆ ನನಗೆ ಮುಜುಗರವಿಲ್ಲ.

ದೊಡ್ಡ ಫೋನು ತಗೋ ಎಂದು ಮಾತ್ರ ಹೇಳಬೇಡ. ಪಕ್ಕದ ಝೆರಾಕ್ಸ್ ಅಂಗಡಿಯ ಗೌತಮ ತನ್ನ ಫೋನು ಕೈಗೆ ಕೊಟ್ಟು ನೋಡಿದ. ಸೋಲ್ಡರಿಂಗ್ ಮಾಡಿ ಮಾಡಿ ನನ್ನ ಬೆರಳ ತುದಿಗಳು ಜಡ್ಡುಗಟ್ಟಿವೆ. ಅದರ ಗಾಜಿಗೆ ನನ್ನ ಬೆರಳು ಬೆರಳೆಂದೇ ತಿಳಿಯುವುದಿಲ್ಲ. ನಾನು ಇನ್ನಷ್ಟು ಗಟ್ಟಿಯಾಗಿ ಒತ್ತಿದೆ, ಗೌತಮ ಹೆದರಿ ಫೋನು ಕಸಿದುಕೊಂಡ. ನನಗೆ ಒತ್ತಿದರೆ ಒತ್ತಿದಂತೆ ತಿಳಿಯುವ ಬಟನ್ ಬೇಕು.

ಇನ್ನೊಂದು ಮಾತು. ಅದರ ಮೈಕ್ ಚಲೋ ಇರಬೇಕು. ಉಳಿದದ್ದು ಹೇಗಿದ್ದರೂ ನಡೆಯುತ್ತದೆ.

ಉತ್ತರವನ್ನು ಪತ್ರದಲ್ಲೇ ಬರೆ, ಫೋನ್ ಮಾಡಬೇಡ. ರೇಡಿಯೋ ವಿದ್ಯೆಯನ್ನೇ ನಾನು ಅಂಚೆಯ ಮೂಲಕ ಕಲಿತವನು. ಬರೆದದ್ದಾದರೆ ತಲೆಯಲ್ಲಿ ಕೂರುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ,
ಸೋಮಪ್ಪ


ಬೈಲಹೊಂಗಲ
13 ಜುಲೈ 2024

ಅಪ್ಪಾ,

ನಿನ್ನ ಪತ್ರವನ್ನು ಪ್ರೆಸ್ಸಿನಲ್ಲಿ ಎಲ್ಲರ ಎದುರಿಗೆ ಒಡೆಯುವ ಧೈರ್ಯವಾಗದೆ ಹಿಂದೆ ಕಾಗದದ ರಿಮ್ಮುಗಳನ್ನು ಒಟ್ಟುವ ಕೋಣೆಗೆ ಹೋಗಿ ಓದಿದೆ. ಮನೆಯಲ್ಲಿ ಯಾರಿಗೆ ಏನಾಯಿತೋ ಎಂದು ಮೊದಲ ಸಲ ಗಡಬಡಿಸಿ ಓದಿದೆ. ಎರಡನೇ ಸಲ ನಿಧಾನವಾಗಿ ಓದಿದೆ. ಕೊನೆಗೆ ನೋಡಿದರೆ ಕಂಪ್ಯೂಟರು.

ಸಿಟ್ಟನ್ನು ಕೆಲಸ ಮುಗಿಯುವ ತನಕ ತಡೆದಿಡುವಷ್ಟು ಒಳ್ಳೆಯವಳಲ್ಲ ನಾನು. ಯಾರ ಮಗಳು ಹೇಳು. ಆರು ವರ್ಷ ನಿನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡಿದೆ. ಮುನವಳ್ಳಿಯ ಭಜನಾ ಮಂಡಳಿಯ ಒಂದು ಆಂಪ್ಲಿಫೈಯರಿನ ಸಲುವಾಗಿ, ಮಂಡಳಿಯ ಲಗಮಪ್ಪ ಕಾಕಾನ ಎದುರಿಗೆ, ‘ನೀ ನನ್ನ ಅಂಗಡ್ಯಾಗ ಇರಬ್ಯಾಡ. ನಾ ಕರಿಯೂತನಕಾ ಬರಬ್ಯಾಡ’ ಅಂದುಬಿಟ್ಟೆ. ನಾನು ಇಲ್ಲಿಗೆ ಬಂದು ಲಗ್ನಪತ್ರಿಕೆಗಳ ಅಕ್ಷರ ಜೋಡಿಸುತ್ತ ಕೂತೆ. ಒಂದೂವರೆ ತಾಸಿನ ದಾರಿ. ನೀನು ಕರೆಯಲಿಲ್ಲ, ನಾನು ಬರಲಿಲ್ಲ. ಅವ್ವನ ಜೊತೆ ದಿನಾ ಫೋನಿನಲ್ಲಿ ಮಾತಾಡುತ್ತೇನೆ. ಅಪ್ಪನಿಗೆ ಕೊಡು ಅಂದರೆ ಹೊರಗೆ ಹೋಗಿದ್ದಾರೆ ಅನ್ನುತ್ತಾಳೆ. ಅವಳು ಹಾಗೆ ಹೇಳುವಾಗಲೇ ಹಿಂದೆ ನೀನು ಕೆಮ್ಮುವುದು ನನಗೆ ಕೇಳಿಸುತ್ತಿರುತ್ತದೆ.

ನನಗೆ ಬೇಕಾದದ್ದು ಬಹಳ ಇಲ್ಲ, ಅಪ್ಪಾ. ಒಂದು ಸಲ ಆ ಫೋನು ಹಿಡಿದು ‘ಪ್ರಜ್ಞಾ’ ಅನ್ನು. ಅದರ ಹಿಂದೆ ಎರಡು ಬೈಗುಳ ಸೇರಿಸಿದರೂ ಅಡ್ಡಿಯಿಲ್ಲ.

ಇನ್ನು ನಿನ್ನ ಕೆಲಸ. ನೀನು ಹೇಳುವಂಥದ್ದಕ್ಕೆ ಹಿಂದೆ ನೆಟ್‌ಬುಕ್ ಅನ್ನುತ್ತಿದ್ದರು. ಈಗ ಆ ಹೆಸರು ಅಂಗಡಿಯವರಿಗೇ ಮರೆತುಹೋಗಿದೆ, ಸಣ್ಣ ಲ್ಯಾಪ್‌ಟಾಪ್ ಅಂತಲೇ ಕೇಳಬೇಕು. ಎರಡು ಮಾತು ನೆನಪಿಡು. ರ‍್ಯಾಮ್ ಅಂದರೆ ನಿನ್ನ ಟೇಬಲ್ಲು. ಸಣ್ಣದಾದರೆ ಒಂದು ರೇಡಿಯೋ ಬಿಚ್ಚುವಷ್ಟರಲ್ಲಿ ಜಾಗ ಮುಗಿಯುತ್ತದೆ. ಡಿಸ್ಕ್ ಅಂದರೆ ಹಿಂದಿನ ಕಪಾಟು. ಕಪಾಟು ಸ್ವಲ್ಪ ಸಣ್ಣದಾದರೂ ನಡೆಯುತ್ತದೆ, ಟೇಬಲ್ಲು ಮಾತ್ರ ದೊಡ್ಡದು ಬೇಕು. ನಾಲ್ಕು ಜಿಬಿ ಅಂದರೆ ಬೇಡ ಅನ್ನು, ಎಂಟು ಕೇಳು.

ಆದರೆ ಯಾತಕ್ಕೆ ಬೇಕು ಎಂದು ತಿಳಿಯದೆ ಆರಿಸುವುದು ಹೇಗೆ? ದಿನಬಳಕೆ ಅಂದರೆ ಸಾಬೂನು, ಚಹಾಪುಡಿ. ಬಿಡಿಸಿ ಬರೆ.

ಕೆಮ್ಮಿಗೆ ಏನಾದರೂ ಔಷಧ ತಗೋ.

ಪ್ರಜ್ಞಾ


ಸವದತ್ತಿ
21 ಜುಲೈ 2024

ಚಿ. ಪ್ರಜ್ಞಾಳಿಗೆ,

ಟೇಬಲ್ಲು, ಕಪಾಟಿನ ಮಾತು ತಿಳಿಯಿತು. ಅಷ್ಟು ಚಂದ ವಿವರಿಸುವವಳು ಲಗ್ನಪತ್ರಿಕೆಯಲ್ಲಿ ‘ಆಗಮನಾಭಿಲಾಷಿಗಳು’ ಎಂದು ಜೋಡಿಸುತ್ತ ಕೂತಿದ್ದೀಯಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತದೆ.

ನಿನ್ನ ಪತ್ರ ಬಂದ ಮೇಲೆ ಇಲ್ಲಿಯೇ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಗಾಜಿನ ಬಾಗಿಲು, ಒಳಗೆ ತಣ್ಣಗಿನ ಗಾಳಿ, ಟಿವಿಯಲ್ಲಿ ಹಾಡು. ಸೇಲ್ಸ್‌ಮನ್ ತಲೆ ತಗ್ಗಿಸಿಕೊಂಡು ಪಟಪಟ ಮಾತಾಡುವವನು. ಏನೋ ಕೇಳಿದ, ನಾನು ಹೌದು ಅಂದೆ. ಮತ್ತೇನೋ ಕೇಳಿದ, ಅದಕ್ಕೂ ಹೌದು ಅಂದೆ. ಅವನು ಒಳಗಿನಿಂದ ಕೆಂಪು ದೀಪ ಮಿಣುಕುವ ಒಂದು ದೊಡ್ಡ ಯಂತ್ರ ತಂದಿಟ್ಟ. ಬೆಲೆ ಎಂಬತ್ತೆರಡು ಸಾವಿರ. ನಾನು ಗೇಮ್ ಆಡಲಿಕ್ಕೆ ಬಂದಿದ್ದೇನೆಂದು ತಿಳಿದಿದ್ದನಂತೆ. ಅರವತ್ನಾಲ್ಕು ವರ್ಷದವನು ಯಾವ ಗೇಮ್ ಆಡುತ್ತಾನೆಂದು ಅವನಿಗೂ ಅನುಮಾನ ಬರಲಿಲ್ಲ ನೋಡು.

ಆಮೇಲೆ ಹದಿನೆಂಟು ಸಾವಿರದ ಒಂದು ಸಣ್ಣದನ್ನು ತೋರಿಸಿದ. ಹಗುರ ಇತ್ತು, ನನಗೂ ಮನಸ್ಸಾಯಿತು. ತಿರುವಿ ಹಾಕಿ ನೋಡಿದರೆ ಅಡಿಯಲ್ಲಿ ಒಂದೂ ಸ್ಕ್ರೂ ಇಲ್ಲ. ಬಿಚ್ಚುವುದು ಹೇಗೆ ಎಂದು ಕೇಳಿದ್ದಕ್ಕೆ ಅವನು ನನ್ನನ್ನು ಕಳ್ಳನಂತೆ ನೋಡಿದ. ಬಿಚ್ಚಲು ಬಾರದ ಸಾಮಾನನ್ನು ಕೊಂಡರೆ ಅದು ನಮ್ಮದು ಹೇಗಾಗುತ್ತದೆ? ಅಲ್ಲಿಗೇ ಬಿಟ್ಟು ಬಂದೆ.

ಮೈಕ್ ಎಲ್ಲಿರುತ್ತದೆ, ಎಷ್ಟು ದೂರದ ಮಾತು ಹಿಡಿಯುತ್ತದೆ ಎಂಬುದನ್ನು ನೀನು ಬರೆಯಲಿಲ್ಲ. ನನಗೆ ಮುಖ್ಯವಾಗಿ ಬೇಕಾದದ್ದೇ ಅದು. ಎದುರಿಗೆ ಕೌಂಟರಿನ ಆಚೆ ನಿಂತವರು ಮಾತಾಡಿದರೆ ಹಿಡಿಯಬೇಕು. ನಾಲ್ಕು ಫೂಟು ಅಂದುಕೋ.

ಫೋನಿನ ವಿಷಯ ಈಗ ಬೇಡ. ಅದಕ್ಕೆ ಹೊತ್ತು ಬರಲಿ.

ಕೆಮ್ಮು ಕಡಿಮೆಯಾಗಿದೆ.

ಅಪ್ಪ


ಬೈಲಹೊಂಗಲ
29 ಜುಲೈ 2024

ಅಪ್ಪಾ,

ನೀನು ಗೇಮ್ ಆಡುವ ಮಷಿನ್ ಮುಂದೆ ನಿಂತದ್ದನ್ನು ಓದಿ ಇಲ್ಲಿ ಒಬ್ಬಳೇ ನಕ್ಕೆ. ಮಾಲೀಕರು, ಸುನೀಲಣ್ಣ, ಪ್ರೂಫಿನಲ್ಲಿ ಏನಾದರೂ ಹಾಸ್ಯವಾದ ತಪ್ಪಾಗಿದೆಯೇ ಎಂದು ಕೇಳಿದರು. ಅವರಿಗೆ ನಿನ್ನ ಸ್ಕ್ರೂವಿನ ಕಥೆ ಹೇಳಿದೆ. ನಿಮ್ಮ ತಂದೆ ಸರಿಯಾಗಿಯೇ ನೋಡಿದ್ದಾರೆ ಅಂದರು. ಆ ಹೊಸ ಸಣ್ಣವುಗಳಲ್ಲಿ ಡಿಸ್ಕನ್ನೂ ರ‍್ಯಾಮನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರಂತೆ. ಕೆಟ್ಟರೆ ಬದಲಿಸಲು ಬರುವುದಿಲ್ಲ, ಸಾಲದಾದರೆ ಹೆಚ್ಚಿಸಲು ಬರುವುದಿಲ್ಲ.

ಅವರಿಗೆ ಗೊತ್ತಿರುವವರೊಬ್ಬರು ಆಫೀಸುಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ತಂದು ಸರಿ ಮಾಡಿ ಮಾರುತ್ತಾರೆ. ಅದರಲ್ಲಿ ಒಂದು ನಿನಗೆ ಹೇಳಿ ಮಾಡಿಸಿದಂತಿದೆ. ಹನ್ನೆರಡು ಇಂಚಿನ ಪರದೆ, ಎಂಟು ಜಿಬಿ ರ‍್ಯಾಮ್, ಬ್ಯಾಟರಿ ಹೊಸದು. ಬಟನ್‌ಗಳು ಒತ್ತಿದರೆ ಟಕ್ ಅನ್ನುತ್ತವೆ. ಮುಚ್ಚಳದ ಮೂಲೆಯಲ್ಲಿ ಒಂದು ಗೀರು ಇದೆ, ಅದೊಂದೇ ಕುಂದು. ಅಡಿಯಲ್ಲಿ ಒಂಬತ್ತು ಸ್ಕ್ರೂ, ನಾನೇ ಎಣಿಸಿದ್ದೇನೆ. ಬೆಲೆ ಹದಿನಾಲ್ಕೂವರೆ ಸಾವಿರ. ಮೈಕ್ ಪರದೆಯ ನೆತ್ತಿಯಲ್ಲಿ, ಕ್ಯಾಮೆರಾದ ಎರಡೂ ಬದಿಗೆ ಸೂಜಿ ಚುಚ್ಚಿದಷ್ಟು ಎರಡು ತೂತು. ನಾಲ್ಕು ಫೂಟಿನ ಮಾತು ಹಿಡಿಯಬಹುದು.

ನೀನು ಯಾತಕ್ಕೆಂದು ಹೇಳದಿದ್ದರೂ ನಾನು ಲೆಕ್ಕ ಹಾಕಿದ್ದೇನೆ. ಗೋವಾದಲ್ಲಿರುವ ಪರಶು ಅಣ್ಣನ ಜೊತೆ ವಿಡಿಯೋದಲ್ಲಿ ಮಾತಾಡಲು, ಅಲ್ಲವೇ? ಅಂಗಡಿಗೆ ಬಂದವರೂ ಅವನನ್ನು ಮಾತಾಡಿಸಲಿ ಎಂದು ನಾಲ್ಕು ಫೂಟು. ಮಾತಾಡು, ಬೇಡ ಅನ್ನುವುದಿಲ್ಲ. ಆದರೆ ಅವನ ಜೊತೆ ಮಾತಾಡಲು ಯಂತ್ರ ತರುವವನಿಗೆ ನನ್ನ ಜೊತೆ ಮಾತಾಡಲು ಕೈಯಲ್ಲಿರುವ ಫೋನು ಭಾರವಾಯಿತೇ?

ಮುಂದಿನ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ನೆನಪಿಸಿದೆ ಅಷ್ಟೇ.

ಪ್ರಜ್ಞಾ


ಸವದತ್ತಿ
3 ಆಗಸ್ಟ್ 2024

ಚಿ. ಪ್ರಜ್ಞಾಳಿಗೆ,

ಒಂಬತ್ತು ಸ್ಕ್ರೂವಿನದನ್ನೇ ಹಿಡಿ. ಯಾರಿಗೂ ಕೊಡಬೇಡಿರೆಂದು ಹೇಳಿಡು, ಹಣ ಕಳಿಸುತ್ತೇನೆ.

ಪಂಚಮಿಗೆ ನಿಮ್ಮವ್ವ ಶೇಂಗಾ ಉಂಡಿ, ಅಳ್ಳಿಟ್ಟು ಮಾಡುತ್ತಿದ್ದಾಳೆ. ಡಬ್ಬಿ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಾಳೆ.

ಸದ್ಯ ಇಷ್ಟೇ. ಕೆಲಸ ಬಹಳ ಇದೆ.

ಅಪ್ಪ


ಬೈಲಹೊಂಗಲ
11 ಆಗಸ್ಟ್ 2024

ಅಪ್ಪಾ,

ಉಂಡಿಯ ಡಬ್ಬಿ ಬಂತು. ಕಂಡಕ್ಟರ್ ಕೈಗೆ ಕೊಡುತ್ತ, ತವರಿಂದ ಬಂದೇತಿ ನೋಡವಾ ಅಂದ. ಬಸ್ ಸ್ಟ್ಯಾಂಡಿನಲ್ಲಿ ತವರಿಗೆ ಹೊರಟ ಹೆಂಗಸರ ನಡುವೆ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಸವದತ್ತಿಯ ಬಸ್ಸು ಬಂತು, ತುಂಬಿತು, ಹೋಯಿತು. ನೀನು ಡಬ್ಬಿಯಲ್ಲಿ ಒಂದು ಚೀಟಿ ಹಾಕಿ ‘ಬಾ’ ಎಂದು ಒಂದಕ್ಷರ ಬರೆದಿದ್ದರೆ ಸಾಕಿತ್ತು. ಉಂಡಿಗಳನ್ನೆಲ್ಲ ತೆಗೆದು ತಳದ ಕಾಗದವನ್ನೂ ನೋಡಿದೆ.

ನಾನು ಇನ್ನು ನಿನ್ನ ಕಂಪ್ಯೂಟರ್ ಆರಿಸುವುದಿಲ್ಲ. ಒಂಬತ್ತು ಸ್ಕ್ರೂವಿನದು ಸುನೀಲಣ್ಣನ ಪರಿಚಯದವರ ಹತ್ತಿರ ಇದೆ, ಬೇಕಾದರೆ ಗೌತಮನನ್ನು ಕಳಿಸಿ ತರಿಸಿಕೋ. ನನ್ನ ಅಪ್ಪನಿಗೆ ಮೈಕ್ ಯಾಕೆ ಬೇಕು ಎಂದು ಯೋಚಿಸಿದಾಗೆಲ್ಲ ನನಗೆ ಅಳು ಬರುತ್ತದೆ. ಜಗತ್ತಿನವರ ಜೊತೆಗೆಲ್ಲ ಮಾತಾಡಲು ಮೈಕ್ ಹುಡುಕುತ್ತಿರುವವನು ನನ್ನ ಹೆಸರನ್ನು ಎರಡು ವರ್ಷದಿಂದ ಬಾಯಲ್ಲಿ ತಂದಿಲ್ಲ. ಅಂಥ ತಪ್ಪು ನಾನೇನು ಮಾಡಿದೆ? ಆಂಪ್ಲಿಫೈಯರಿನಿಂದ ಸುಂಯ್ ಅಂತ ಸಣ್ಣ ದನಿ ಬರುತ್ತಿತ್ತು. ಬರುತ್ತಿದೆ ಎಂದು ಮೂರು ಸಲ ಹೇಳಿದೆ. ನೀನು ಇಲ್ಲ ಅಂದೆ. ಸಿಟ್ಟಿನಲ್ಲಿ ಒಂದು ಮಾತು ಬಂತು. ಅಪ್ಪ ಮಗಳ ನಡುವೆ ಬಾರದ ಮಾತೇ ಅದು?

ನನ್ನ ಮೇಲಿನ ಸಿಟ್ಟು ಇನ್ನೂ ಇದ್ದರೆ ಹಾಗೆಂದು ಬರೆದುಬಿಡು. ಅವ್ವನಿಂದ ಸುಳ್ಳು ಹೇಳಿಸಬೇಡ.

ಪ್ರಜ್ಞಾ


ಸವದತ್ತಿ
15 ಆಗಸ್ಟ್ 2024

ನನ್ನ ಪ್ರಜ್ಞಾ,

ಇವತ್ತು ಅಂಗಡಿ ರಜೆ. ನಿಮ್ಮವ್ವ ಬಾಗಿಲ ಬಳಿ ಕೂತು ಮೆಂತ್ಯ ಸೋಸುತ್ತಿದ್ದಾಳೆ. ಏನು ಬರೆಯುತ್ತಿದ್ದೇನೆಂದು ಅವಳಿಗೆ ಗೊತ್ತಿದೆ. ನೀನು ಬರೆದ ಪತ್ರವನ್ನು ನಾನು ಎರಡು ದಿನ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ.

ನನಗೆ ಕಿವಿ ಕೇಳುವುದಿಲ್ಲ, ಮಗಳೇ.

ಎಡಗಿವಿ ಪೂರಾ ಹೋಗಿದೆ. ಬಲಗಿವಿಯಲ್ಲಿ ಗುಂಯ್ ಅನ್ನುವ ಸದ್ದೊಂದು ಇರುತ್ತದೆ, ಅದರ ಆಚೆಗೆ ಏನೋ ಮಾತಿನಂಥದ್ದು. ಮೊದಲು ಸಣ್ಣ ದನಿಗಳು ಹೋದವು. ಟ್ಯೂನಿಂಗ್ ಮಾಡುವಾಗಿನ ಸಿಳ್ಳೆ, ಚಹಾದ ಕಪ್ಪಿನ ಟಣ್ಣು. ಆಮೇಲೆ ಹೆಂಗಸರ ಮಾತು ಹೋಯಿತು. ಧಾರವಾಡದ ಡಾಕ್ಟರಿಗೆ ತೋರಿಸಿಯಾಯಿತು, ನರ ಸತ್ತಿದೆ ಅಂದರು. ಕಿವಿಗೆ ಹಾಕುವ ಮಷಿನ್ ಕೊಟ್ಟರು. ಅದರಲ್ಲಿ ಮಾತಿಗಿಂತ ಬಸ್ಸಿನ ಹಾರ್ನೇ ದೊಡ್ಡದಾಗಿ ಬರುತ್ತಿತ್ತು. ಸರಿ ಮಾಡೋಣವೆಂದು ಬಿಚ್ಚಿದೆ. ಮತ್ತೆ ಕೂಡಿಸಲು ಬರಲಿಲ್ಲ. ಇದನ್ನು ಯಾರ ಮುಂದೂ ಹೇಳಬೇಡ.

ಆ ಆಂಪ್ಲಿಫೈಯರಿನ ಸುಂಯ್ ನನಗೆ ಕೇಳಿಸಿರಲೇ ಇಲ್ಲ. ನೀನು ಮೂರು ಸಲ ಹೇಳಿದ್ದೂ ಅರ್ಧಮರ್ಧ. ಕೊನೆಗೆ ನೀನು ಲಗಮಪ್ಪನ ಎದುರಿಗೆ ಅಂದ ಮಾತು ಮಾತ್ರ ಸ್ವಚ್ಛ ಕೇಳಿಸಿತು. ‘ಎಷ್ಟ ಹೇಳಿದ್ರೂ ನಿನಗ ಕೇಳಂಗಿಲ್ಲ’ ಅಂದೆ. ರೇಡಿಯೋ ಸೋಮಪ್ಪನಿಗೆ ಕಿವಿ ಕೇಳುವುದಿಲ್ಲವಂತೆ ಎಂದು ಒಬ್ಬನ ಬಾಯಿಂದ ಬಂದರೂ ನನ್ನ ಅಂಗಡಿ ಮುಚ್ಚಿದಂತೆ. ನಾನು ಮುಚ್ಚಿಟ್ಟದ್ದನ್ನು ನನ್ನ ಮಗಳೇ ಗಿರಾಕಿಯ ಮುಂದೆ ಬಿಚ್ಚಿಟ್ಟಳಲ್ಲ ಎಂದು ತಲೆ ಕೆಟ್ಟುಹೋಯಿತು.

ನಿನಗೆ ಅವತ್ತೇ ಗೊತ್ತಾಗಿದೆ ಎಂದು ನಾನು ತಿಳಿದಿದ್ದೆ. ಗೊತ್ತಿದ್ದೂ ಫೋನು ಹಿಡಿ ಎಂದು ಬರೆಯುತ್ತಾಳಲ್ಲ, ಚುಚ್ಚುತ್ತಿದ್ದಾಳೆ ಅಂದುಕೊಂಡೆ. ಪರಶುವಿನ ಜೊತೆ ಮಾತಾಡಲು ಮೈಕ್ ಎಂದು ನೀನು ಬರೆದಾಗ ಮೊದಲ ಸಲ ಅನುಮಾನ ಬಂತು. ಈಗಿನ ಪತ್ರ ಓದಿದ ಮೇಲೆ ಖಾತ್ರಿಯಾಯಿತು, ನಿನಗೆ ಗೊತ್ತೇ ಇಲ್ಲ. ನಿಮ್ಮವ್ವನಿಗೆ ನಾನು ಆಣೆ ಹಾಕಿದ್ದೇನೆ, ಕಿವಿಯ ಮಾತನ್ನು ಯಾರ ಮುಂದೂ ಎತ್ತಬಾರದೆಂದು.

ಈ ಎರಡು ವರ್ಷ ಸ್ಪೀಕರಿನ ಮೇಲೆ ಬೆರಳಿಟ್ಟು ನಡುಕ ನೋಡಿ ಕೆಲಸ ಮಾಡಿದ್ದೇನೆ. ನಿಮ್ಮವ್ವ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಗಿರಾಕಿ ಹೇಳಿದ್ದನ್ನು ಕೈಸನ್ನೆಯಲ್ಲಿ ತಿಳಿಸುತ್ತಿದ್ದಳು. ಈಗ ಅವಳ ಮೊಣಕಾಲಿಗೆ ಆಗುವುದಿಲ್ಲ. ಒಂದು ದಿನ ಗೌತಮ ತನ್ನ ಕಂಪ್ಯೂಟರಿನ ಮುಂದೆ ಮಾತಾಡುತ್ತಿದ್ದ, ಅವನು ಆಡಿದ್ದೆಲ್ಲ ಕನ್ನಡ ಅಕ್ಷರವಾಗಿ ಪರದೆಯ ಮೇಲೆ ಬರುತ್ತಿತ್ತು. ಅವನು ಯಾರದೋ ಅರ್ಜಿ ತಯಾರು ಮಾಡುತ್ತಿದ್ದ. ನಾನು ಅವತ್ತು ಅವನ ಹಿಂದೆ ನಿಂತು ಆ ಅರ್ಜಿಯನ್ನು ಪೂರಾ ಓದಿದೆ. ಎಷ್ಟೋ ದಿನದ ಮೇಲೆ ಒಬ್ಬ ಮನುಷ್ಯನ ಮಾತು ಪೂರಾ ತಿಳಿದಿತ್ತು.

ಅದಕ್ಕೇ ಮೈಕ್.

ಈಗಲೇ ಓಡಿ ಬರಬೇಡ. ನೀನು ಎದುರಿಗೆ ನಿಂತು ಮಾತಾಡುವಾಗ ನಾನು ನಿಮ್ಮವ್ವನ ಕೈ ನೋಡುತ್ತ ಕೂರುವುದು ನನಗೆ ಆಗದು. ಯಂತ್ರ ಬರಲಿ, ನಾನು ಅದನ್ನು ಪಳಗಿಸಿಕೊಳ್ಳುತ್ತೇನೆ, ಆಮೇಲೆ ಬಾ. ಇಷ್ಟು ಹಟ ನಡೆಸಿಕೊಡು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಈಗಿಲ್ಲ.

ನಿನ್ನ ಅಪ್ಪ


ಬೈಲಹೊಂಗಲ
19 ಆಗಸ್ಟ್ 2024

ಅಪ್ಪಾ, ನನ್ನ ಹುಚ್ಚಪ್ಪಾ,

ನಾನು ಹಾಗೆ ಅನ್ನಲಿಲ್ಲ.

ನನಗೆ ಆ ದಿನದ್ದು ಒಂದೊಂದು ಮಾತೂ ನೆನಪಿದೆ, ಎರಡು ವರ್ಷ ಅದನ್ನೇ ತಿರುವಿ ತಿರುವಿ ನೋಡಿದ್ದೇನೆ. ನಾನು ಅಂದದ್ದು, ‘ಎಷ್ಟ ಹೇಳಿದ್ರೂ ನೀ ಕೇಳಂಗಿಲ್ಲ.’ ನೀ. ‘ನಿನಗ’ ಅನ್ನಲಿಲ್ಲ. ನೀ ಹಟಮಾರಿ, ಯಾರ ಮಾತೂ ಕೇಳುವವನಲ್ಲ ಅಂತ ಅಂದೆ. ಅದನ್ನು ನೀನು ಕಿವುಡ ಎಂದು ಕೇಳಿಸಿಕೊಂಡೆ. ನನ್ನ ಒಂದು ‘ನೀ’ ನಿನ್ನ ಕಿವಿಗೆ ಹೋಗುವಷ್ಟರಲ್ಲಿ ‘ನಿನಗ’ ಆಯಿತು, ನಾವಿಬ್ಬರೂ ಅದರ ಮೇಲೆ ಎರಡು ವರ್ಷ ಕಳೆದೆವು. ನಾನು ಪ್ರೆಸ್ಸಿನಲ್ಲಿ ದಿನಾ ಪ್ರೂಫ್ ತಿದ್ದುವವಳು. ಇಷ್ಟು ದೊಡ್ಡ ತಪ್ಪನ್ನು ಕಂಡಿರಲಿಲ್ಲ.

ನಿನಗೆ ಕಿವಿ ಕೇಳುವುದಿಲ್ಲ ಎಂದು ನನಗೆ ತಿಳಿದಿದ್ದರೆ ನಾನು ಆ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ಪಕ್ಕದಲ್ಲೇ ಕೂತು ಆರು ವರ್ಷ ಕೆಲಸ ಮಾಡಿದವಳಿಗೆ ತಿಳಿಯಲಿಲ್ಲವಲ್ಲ ಎಂದು ನನ್ನ ಮೇಲೇ ನನಗೆ ಸಿಟ್ಟು ಬರುತ್ತಿದೆ. ನೀನು ಪ್ರತಿ ಮಾತಿಗೂ ನನ್ನ ಮುಖ ನೋಡುತ್ತಿದ್ದೆ. ಪ್ರೀತಿಯಿಂದ ನೋಡುತ್ತಾನೆ ಅಂದುಕೊಂಡಿದ್ದೆ. ಅದೂ ಇತ್ತು ಅಂತ ತಿಳಿದುಕೊಳ್ಳುತ್ತೇನೆ.

ನಿನ್ನೆ ರವಿವಾರ ಬಸ್ ಸ್ಟ್ಯಾಂಡಿನ ತನಕ ಹೋಗಿದ್ದೆ. ಸವದತ್ತಿ ಬಸ್ಸು ಹತ್ತಿದೆ, ಕಿಟಕಿಯ ಪಕ್ಕ ಜಾಗವೂ ಇತ್ತು. ಈಗಲೇ ಬರಬೇಡ ಎಂದು ನೀನು ಬರೆದದ್ದಕ್ಕೆ ಇಳಿದುಬಿಟ್ಟೆ. ನಾನು ಮಾತು ಕೇಳುವವಳು ನೋಡು.

ಯಂತ್ರಕ್ಕೆ ಮುಂಗಡ ಕೊಟ್ಟಿದ್ದೇನೆ. ಕೊಡುವ ಮೊದಲು ಕೌಂಟರಿನಿಂದ ನಾಲ್ಕು ಫೂಟು ಟೇಪು ಹಿಡಿದು ಅಳೆದು, ಅಲ್ಲಿ ನಿಂತು ಮಾತಾಡಿ ನೋಡಿದೆ. ಅಂಗಡಿಯವರು ಬೇಸತ್ತರು. ಪೆಟ್ಟಿಗೆಯಲ್ಲಿ ಒಂದು ಸಣ್ಣ ಹೊರಗಿನ ಮೈಕನ್ನೂ ಹಾಕುತ್ತೇನೆ, ಗಿರಾಕಿಯ ಕಡೆಗೆ ತಿರುಗಿಸಿಡು. ಮಾತು ಅಕ್ಷರವಾಗಲು ಇಂಟರ್‌ನೆಟ್ ಬೇಕು, ಗೌತಮನ ವೈಫೈ ನಿನ್ನ ಅಂಗಡಿಯ ತನಕ ಬರುತ್ತದೆಯೇ ನೋಡು. ಅವನು ಕಾಗದ ತರಲು ಇಲ್ಲಿಗೆ ಬಂದಾಗ ಕೊಟ್ಟು ಕಳಿಸುತ್ತೇನೆ.

ಅದನ್ನು ಬಿಚ್ಚುವುದಿದ್ದರೆ ಕೂಡಿಸುವುದು ಹೇಗೆಂದು ಮೊದಲು ಬರೆದಿಟ್ಟುಕೋ.

ನಿನ್ನ ಪ್ರಜ್ಞಾ


ಸವದತ್ತಿ
8 ಸೆಪ್ಟೆಂಬರ್ 2024

ನನ್ನ ಪ್ರಜ್ಞಾ,

ಬಿಚ್ಚಿದೆ. ಕೂಡಿಸಿದೆ. ಸ್ಕ್ರೂ ಒಂಬತ್ತೂ ಸರಿ ಇವೆ. ಒಳಗೆ ಸ್ವಚ್ಛವಾಗಿದೆ, ಫ್ಯಾನಿನಲ್ಲಿ ಸ್ವಲ್ಪ ದೂಳಿತ್ತು, ಬ್ರಶ್ ಹಾಕಿದೆ. ಚಲೋ ಸಾಮಾನು ಆರಿಸಿದ್ದೀ. ಗೌತಮ ವೈಫೈ ಹಚ್ಚಿಕೊಟ್ಟ, ಮಾತು ಅಕ್ಷರವಾಗುವುದನ್ನೂ ಕಲಿಸಿಕೊಟ್ಟ.

ಆದರೆ ನಿನ್ನ ಯಂತ್ರ ನಮ್ಮ ಕಡೆಯದಲ್ಲ. ಅದಕ್ಕೆ ಪುಸ್ತಕದ ಕನ್ನಡವಷ್ಟೇ ಬರುತ್ತದೆ. ಮೊದಲ ಗಿರಾಕಿ ಬಳೆ ಅಂಗಡಿಯ ಗುರವ್ವ. ಮಿಕ್ಸರ್ ತಂದಿಟ್ಟು ‘ತಿರಗವಲ್ದು’ ಅಂದಳಂತೆ. ಪರದೆಯ ಮೇಲೆ ‘ತಿರುವಳ್ಳೂರು’ ಎಂದು ಬಂತು. ನಾನು ತಮಿಳುನಾಡಿಗೆ ಯಾಕೆ ಹೊರಟಿ ಎಂದು ಕೇಳಿದೆ. ಅವಳು ಮತ್ತೆ ‘ಸುಟ್ಟೈತಿ ಕಾಣ್ತತಿ’ ಅಂದಳಂತೆ. ಅದು ‘ಸುಟ್ಟ ಐಟಿ ಕಾಂತಕ್ಕಿ’ ಎಂದು ಬರೆಯಿತು. ಕಾಂತಕ್ಕ ಯಾರು ಎಂದು ನಾನು ಕೇಳಿದೆ. ಗೌತಮ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಕೊನೆಗೆ ಅವನೇ ಗುರವ್ವನಿಗೆ ಸಾಲಿಯ ಪುಸ್ತಕದಲ್ಲಿದ್ದಂತೆ ಮಾತಾಡಬೇಕೆಂದು ತಿಳಿಸಿ ಹೇಳಿದ. ಅವಳು ಸೆರಗು ಸರಿ ಮಾಡಿಕೊಂಡು, ಮೈಕಿನ ಮುಂದೆ ನೆಟ್ಟಗೆ ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ‘ನನ್ನ ಮಿಕ್ಸರ್ ತಿರುಗುತ್ತಿಲ್ಲ. ದಯವಿಟ್ಟು ನೋಡಿರಿ’ ಎಂದು ತಪ್ಪಿಲ್ಲದೆ ಬಂತು. ಬಜಾರದವರೆಲ್ಲ ನೋಡಲು ಕೂಡಿದ್ದರು. ಈಗ ನನ್ನ ಅಂಗಡಿಗೆ ಬರುವವರು ಹೊಸಿಲು ದಾಟುವ ಮೊದಲು ಗಂಟಲು ಸರಿ ಮಾಡಿಕೊಳ್ಳುತ್ತಾರೆ.

ಇಷ್ಟೆಲ್ಲ ಆದ ಮೇಲೆ ಗುಟ್ಟು ಉಳಿಯುವುದು ಹೇಗೆ? ನಾನೇ ಗೌತಮನಿಗೆ ಬಾಯಿಬಿಟ್ಟು ಹೇಳಿದೆ. ಅವನು ಮೈಕ್ ತನ್ನ ಕಡೆಗೆ ತಿರುಗಿಸಿಕೊಂಡು ಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟ. ‘ಕಾಕಾ, ಇದು ಇಡೀ ಬಜಾರಿಗೆ ಎರಡು ವರ್ಷದಿಂದ ಗೊತ್ತಿದೆ. ಅದಕ್ಕೇ ನಾವು ನಿಮ್ಮ ಎದುರಿಗೆ ಬಂದು ಮುಖ ಕೊಟ್ಟು ಮಾತಾಡುತ್ತಿದ್ದೆವು.’ ನಾನು ಪರದೆಯನ್ನು ಎರಡು ಸಲ ಓದಿದೆ. ಲಗಮಪ್ಪನಿಗೂ ಗೊತ್ತಿತ್ತಂತೆ, ಆದರೂ ಅವನು ಆಂಪ್ಲಿಫೈಯರ್ ತರುವುದನ್ನು ಬಿಟ್ಟಿಲ್ಲ. ಗೊತ್ತಿಲ್ಲದೆ ಇದ್ದವಳು ನೀನೊಬ್ಬಳೇ.

ನಿನ್ನನ್ನು ಹೊರಗೆ ಹಾಕಿದ್ದಕ್ಕೆ ನನಗೆ ಬಹಳ ಕೆಟ್ಟ ಅನ್ನಿಸುತ್ತಿದೆ. ಇದನ್ನು ಬರೆಯಲು ಇಷ್ಟು ಪತ್ರ ಬೇಕಾಯಿತು.

ಅಪ್ಪ


ಬೈಲಹೊಂಗಲ
11 ಸೆಪ್ಟೆಂಬರ್ 2024

ಅಪ್ಪಾ,

ಕಾಂತಕ್ಕ ಯಾರು ಎಂದು ಸುನೀಲಣ್ಣನೂ ಕೇಳುತ್ತಿದ್ದಾರೆ. ಪ್ರೆಸ್ಸಿನಲ್ಲಿ ನಿನ್ನ ಪತ್ರವನ್ನು ಜೋರಾಗಿ ಓದಿದೆ, ಕೊನೆಯ ಎರಡು ಸಾಲು ಬಿಟ್ಟು. ಅವು ನನ್ನವು.

ಈ ರವಿವಾರ, ಹದಿನೈದನೇ ತಾರೀಖು, ಮಧ್ಯಾಹ್ನ ನಾಲ್ಕಕ್ಕೆ ಅವ್ವನ ಫೋನಿಗೆ ಫೋನ್ ಮಾಡುತ್ತೇನೆ. ಯಂತ್ರವನ್ನು ಮನೆಗೆ ತಂದಿಟ್ಟುಕೋ, ಗೌತಮನ ಫೋನಿನಿಂದ ಇಂಟರ್‌ನೆಟ್ ತಗೋ. ಅವ್ವ ಸ್ಪೀಕರ್ ಹಾಕಿ ಫೋನನ್ನು ಮೈಕಿನ ಹತ್ತಿರ ಹಿಡಿಯಲಿ. ನಾನು ಪುಸ್ತಕದ ಕನ್ನಡದಲ್ಲಿ ಮಾತಾಡಲು ನೋಡುತ್ತೇನೆ. ಆಗುತ್ತದೋ ಇಲ್ಲವೋ, ನಿನ್ನ ಜೊತೆ ಹಾಗೆ ಮಾತಾಡಿ ಗೊತ್ತಿಲ್ಲ.

ನೀನು ಓದು. ಆಮೇಲೆ ನಾನು ಎರಡು ವರ್ಷದಿಂದ ಕೇಳುತ್ತಿರುವುದನ್ನು ಕೊಡು.

ಪ್ರಜ್ಞಾ


ಸವದತ್ತಿ
16 ಸೆಪ್ಟೆಂಬರ್ 2024

ನನ್ನ ಪ್ರಜ್ಞಾ,

ನಿನ್ನೆ ಆದದ್ದನ್ನು ಈ ಕಡೆಯಿಂದ ಬರೆಯುತ್ತೇನೆ, ನಿನಗೆ ಕಂಡಿರುವುದಿಲ್ಲ.

ಮೂರೂವರೆಗೇ ಯಂತ್ರವನ್ನು ಮಂಚದ ಮೇಲೆ ಹಚ್ಚಿಟ್ಟು ಅದರ ಮುಂದೆ ಕೂತೆ. ನಿಮ್ಮವ್ವ ಒಗೆದ ಸೀರೆ ಉಟ್ಟಿದ್ದಳು, ಯಾಕೆಂದು ನಾನು ಕೇಳಲಿಲ್ಲ. ನಾಲ್ಕಕ್ಕೆ ಅವಳು ಫೋನು ಎತ್ತಿ ಮೈಕಿಗೆ ಹಿಡಿದಳು. ಪರದೆಯ ಮೇಲೆ ‘ಅಪ್ಪ’ ಎಂದು ಬಂತು. ನೀನು ದೀರ್ಘ ಹೇಳಿರುತ್ತೀ, ಅದು ಹ್ರಸ್ವ ಬರೆಯಿತು. ಆಮೇಲೆ ‘ಹುಂಡಿ ಏನು’ ಎಂದು ಬಂತು. ನನಗೆ ಕೂಡಲೇ ತಿಳಿಯಿತು, ನೀನು ‘ಉಂಡಿ ಏನು’ ಅಂತ, ಊಟವಾಯಿತೇ ಎಂದು ಕೇಳುತ್ತಿದ್ದೀ. ಪುಸ್ತಕದ ಕನ್ನಡ ಒಂದೇ ಮಾತಿಗೆ ಮುಗಿದಿತ್ತು. ಉಂಡೆ ಎಂದು ಹೇಳಿದೆ.

ಆಮೇಲೆ ‘ಪ್ರಜ್ಞಾ’ ಅಂದೆ. ಎಷ್ಟು ಜೋರಾಗಿ ಅಂದೆನೋ ನನಗೆ ಗೊತ್ತಾಗುವುದಿಲ್ಲ. ನಿಮ್ಮವ್ವ ಬೆಚ್ಚಿಬಿದ್ದಳು, ಎದುರು ಮನೆಯವರು ಹೊರಗೆ ಬಂದು ನೋಡಿದರು. ನಿನಗೆ ಫೋನೇ ಬೇಕಿರಲಿಕ್ಕಿಲ್ಲ.

ಆಮೇಲೆ ಪರದೆಯ ಮೇಲೆ ಏನೂ ಬರಲಿಲ್ಲ. ಕಾದೆ. ಮೈಕಿನ ವಾಯರು ಅಲುಗಾಡಿಸಿದೆ. ಮತ್ತೆ ಕಾದೆ. ಯಂತ್ರ ಕೆಟ್ಟಿತೆಂದು ನಾನು ಸ್ಕ್ರೂಡ್ರೈವರ್ ತಗೊಂಡು ಅದನ್ನು ತಿರುವಿ ಹಾಕಿದೆ, ಒಂದು ಸ್ಕ್ರೂ ಬಿಚ್ಚಿಯೂ ಬಿಟ್ಟೆ. ನಿಮ್ಮವ್ವ ನನ್ನ ಕೈ ಹಿಡಿದಳು. ತನ್ನ ಎರಡು ಬೆರಳನ್ನು ಕಣ್ಣಿನಿಂದ ಕೆನ್ನೆಯ ಮೇಲೆ ಕೆಳಗೆ ಎಳೆದು ತೋರಿಸಿ, ಫೋನಿನ ಕಡೆಗೆ ಕೈ ಮಾಡಿದಳು. ನೀನು ಅಳುತ್ತಿದ್ದೀ ಎಂದು ಆಗ ತಿಳಿಯಿತು. ಅಳುವುದನ್ನು ಬರೆಯಲು ಅದಕ್ಕೆ ಬರುವುದಿಲ್ಲ.

ಹದಿನಾಲ್ಕೂವರೆ ಸಾವಿರಕ್ಕೆ ಅಷ್ಟೇ ಸಿಗುವುದು, ಯಂತ್ರದ ಮೇಲೆ ತಪ್ಪು ಹೊರಿಸುವುದಿಲ್ಲ. ರವಿವಾರದ ಮೊದಲ ಬಸ್ಸಿಗೆ ಬಾ. ಅಳುವುದು ಇನ್ನೂ ಉಳಿದಿದ್ದರೆ ನನ್ನ ಎದುರಿಗೆ ಕೂತು ಅಳು. ನನ್ನ ಕಣ್ಣು ಚಲೋ ಇವೆ.

ನಿನ್ನ ಅಪ್ಪ